ಮನೆಯಿಂದ ಕೆಲಸ, ಮಿರಜ ಮಾರ್ಗವಾಗಿ

ಇಂದ:
ನಾಗನಾಥ ಧೋಂಡಪ್ಪ ಕೋರೆ,
ಹಿರಿಯ ದಿವಾಣಜಿ (ಪೇಢಿಯಲ್ಲಿ ಲೆಕ್ಕ-ಪತ್ರ ಬರೆಯುವ ದಿವಾಣಜಿ ಒಬ್ಬನೇ ಆದ ಕಾರಣ ಹಿರಿಯವನೂ ನಾನೇ),
ಹೊಳೆಯ ಪೂಲಿನ (ಸೇತುವೆಯ) ಆಚೆ, ಸಾಂಗ್ಲಿವಾಡಿ.

ಗೆ:
ಮಾನ್ಯ ಬಸಲಿಂಗಪ್ಪ ಅಣ್ಣಾ ಅವರಿಗೆ,
ಮಾಲೀಕರು, ಅರಿಶಿನದ ಅಡತಿ ಪೇಢಿ (ದಲಾಲಿ ಅಂಗಡಿ),
ಮಾರ್ಕೆಟ್ ಯಾರ್ಡ್, ಸಾಂಗ್ಲಿ.

ವಿಷಯ: ಮನೆಯಿಂದಲೇ ಕೆಲಸ ಮಾಡುವ ಪದ್ಧತಿಯನ್ನು ಕಾಯಂಗೊಳಿಸಿ, ಅರ್ಜಿದಾರನನ್ನು ‘ಗೃಹ ಕಚೇರಿ ಪ್ರಮುಖ’ ಎಂಬ ಹೊಸ ಹುದ್ದೆಗೆ ನೇಮಿಸುವ ಕುರಿತು.
(ಶನಿವಾರದ ತಿದ್ದುಪಡಿ: ವಿಷಯ ಬದಲಾಗಿದೆ. ಕೊನೆಯವರೆಗೆ ಓದಬೇಕಾಗಿ ವಿನಂತಿ.)

ಉಲ್ಲೇಖ: 1. ತಮ್ಮ ಚಿರಂಜೀವಿ ಓಂಕಾರ ಅವರು ಪೇಢಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶ ಮತ್ತು ಅದಕ್ಕೆ ನಾನು ಎಲ್ಲರಿಗಿಂತ ಮೊದಲು ಒತ್ತಿದ ಹೆಬ್ಬೆರಳು.
2. ಗುರುವಾರ ಮಧ್ಯಾಹ್ನ ಟವೆಲಿನ ಕೆಳಗೆ ನಡೆದ ಮಾತುಕತೆ (ಶನಿವಾರ ಸೇರಿಸಿದ್ದು).

ಮಾನ್ಯರೇ,

ಮನೆಯಿಂದ ಕೆಲಸ ಮಾಡುವ ಪದ್ಧತಿಯನ್ನು ಈ ಭೂಮಂಡಲದಲ್ಲಿ ಕಂಡುಹಿಡಿದವನು ನಾನು ಎಂಬುದನ್ನು ಮೊಟ್ಟಮೊದಲು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಸದರಿ ಸಂಗತಿಗೆ ಪುರಾವೆ ಒಂದನೆಯ ಅಂಶದಲ್ಲಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯುತ್ತಿರುವ ಕಾರಣವೇನೆಂದರೆ, ಮರಾಠಿಯಲ್ಲಿ ಬರೆದರೆ ಓಂಕಾರ ಓದಿ ತಮಗೆ ಸಾರಾಂಶ ಹೇಳಿಬಿಡುತ್ತಾರೆ. ಅವರಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ತಾವೇ ಓದಬೇಕಾಗುತ್ತದೆ. ನನ್ನಂಥವನ ಅರ್ಜಿಗೆ ಸಾರಾಂಶ ಮಾಡುವುದೆಂದರೆ ಕೃಷ್ಣಾ ನದಿಯನ್ನು ತಂಬಿಗೆಯಲ್ಲಿ ಹಿಡಿದು ಮನೆಗೊಯ್ದಂತೆ.

1. ಮಹಾಪೂರದ ವರ್ಷ ಸಾಂಗ್ಲಿವಾಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಂಬತ್ತು ದಿನ ಕೂತು, ಫೋನಿಲ್ಲದೆ, ಕರೆಂಟಿಲ್ಲದೆ, ಬರೀ ಗಂಟಲಿನಿಂದ ಹೊಳೆಯ ಆಚೆ ದಂಡೆಗೆ ಕೂಗಿ, ಪೇಢಿಯ ಮುನ್ನೂರು ಚೀಲ ಅರಿಶಿನದ ಲಿಲಾವು, ಅಂದರೆ ಹರಾಜು, ನಡೆಸಿದೆ. ಆ ಸಮಯದಲ್ಲಿ ಹನ್ನೆರಡು ಅಡಿಯ ಮೊಸಳೆಯೊಂದು ನಮ್ಮ ಮಾಳಿಗೆಯ ಮೆಟ್ಟಿಲಿಗೆ ಮುಂಗಾಲು ಕೊಟ್ಟು, ಲಿಲಾವು ಮುಗಿಯುವವರೆಗೂ ಕದಲದೆ ಕೇಳಿತು. ದರ ಏರಿದಾಗಲೆಲ್ಲ ಬಾಯಿ ತೆರೆಯಿತು. ನಾನು ‘ಮೂರನೇ ಸಲ’ ಎಂದಾಗ ಮುಚ್ಚಿತು. ಮನೆಯಿಂದ ಕೆಲಸ ಎಂದರೆ ಇದು. ಈಗಿನವರದ್ದು ಬರೀ ಲ್ಯಾಪ್‌ಟಾಪು.

2. ದಸರೆ ಮುಗಿದ ಮೇಲೆ ಓಂಕಾರ ಅವರು ಪೇಢಿಯ ಮಹಡಿಯ ಕಚೇರಿಗೆ ಕೀಲಿ ಹಾಕಿ, “ಕಾಕಾ, ಈಗ ಎಲ್ಲಾ ಆನ್‌ಲೈನ್ ರಿ. ಅರಿಶಿಣ ಕೆಳಗ ಇರ್ಲಿ, ಮಂದಿ ಮನ್ಯಾಗ ಇರ್ಲಿ,” ಎಂದು ನಮ್ಮ ನಾಲ್ವರನ್ನೂ ಮನೆಗೆ ಕಳಿಸಿದ್ದು ತಮಗೆ ತಿಳಿದೇ ಇದೆ. ಅಂದಿನಿಂದ ಈ ಮೂರು ತಿಂಗಳು ನಾನು ಏಳು ಜನರ ಕೆಲಸ ಮಾಡಿದ್ದೇನೆ. ಎಂಟು ಎಂದೇ ಬರೆಯುತ್ತಿದ್ದೆ, ಬಡಾಯಿ ಅನ್ನಿಸಬಾರದೆಂದು ಒಂದು ಬಿಟ್ಟಿದ್ದೇನೆ. ಇದೀಗ ಸದರಿ ಕೋಣೆಯನ್ನು ಬರುವ ಒಂದನೇ ತಾರೀಕಿನಿಂದ ಕೋಚಿಂಗ್ ಕ್ಲಾಸಿಗೆ ಬಾಡಿಗೆ ಕೊಡುವ ವಿಚಾರವಿದ್ದು, ನಾಲ್ವರ ಅಭಿಪ್ರಾಯವನ್ನು ಬರಹದಲ್ಲಿ ಕೇಳಲಾಗಿದೆ. ಇಬ್ಬರು ‘ಮನೆ’ ಎಂದಿದ್ದಾರೆ. ರೈತರಿಗೆ ಫೋನು ಹಚ್ಚುವ ಸಂಮೇದ ಒಬ್ಬನೇ ‘ಕಚೇರಿ’ ಎಂದಿದ್ದಾನೆ. ನನ್ನದು ನಾಲ್ಕನೆಯ ಮತ. “ಎರಡೆರಡ ಆದ್ರ ನನ್ನ ಮಾತು, ಇಲ್ಲಾಂದ್ರ ಓಂಕಾರನ ಮಾತು,” ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಕಾರಣ, ಈ ಅರ್ಜಿಯ ಭಾರವನ್ನು ತಾವು ಬಲ್ಲಿರಿ. ನನ್ನ ಮತ: ಮನೆ. ಮೂರಕ್ಕೆ ಒಂದು. ಕೀಲಿ ಕೋಚಿಂಗಿನವರಿಗೆ ಕೊಡಬಹುದು.

3. ಮನೆಯಲ್ಲಿ ನನಗೆಂದು ಪ್ರತ್ಯೇಕ ಕ್ಯಾಬಿನ್ ಇದೆ. ನನ್ನ ಧರ್ಮಪತ್ನಿ ಕಾಂಚನ ಬಾಗಿಲು ತಟ್ಟದೆ ಒಳಗೆ ಬರುವುದಿಲ್ಲ. ನಾನು ಫೋನಿನಲ್ಲಿದ್ದರೆ ಓಣಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸುತ್ತವೆ.

4. ಮನೆಯಿಂದ ಕೆಲಸ ಮಾಡುವುದರಿಂದ ಮನೆಯ ಸಂಸ್ಕಾರವೂ ಸುಧಾರಿಸುತ್ತದೆ. ಸೋಮವಾರದ ವಿಡಿಯೋ ಸಭೆಗಳಲ್ಲಿ ನನ್ನ ಹಿಂದಿನಿಂದ ಕೇಳಿಬರುವ ಸಿತಾರದ ನಾದವನ್ನು ತಾವೆಲ್ಲರೂ ಮೆಚ್ಚಿದ್ದೀರಿ. ಅದು ಕಾಂಚನಳ ಅಭ್ಯಾಸ. ಮೂರು ತಿಂಗಳ ಹಿಂದೆ ಆಕೆಗೆ ಸಿತಾರ ಯಾವುದು, ಸೌಟು ಯಾವುದು ಗೊತ್ತಿರಲಿಲ್ಲ. ಈಗ ಪುಣೆಯಿಂದ ಉಸ್ತಾದರೊಬ್ಬರು ಬಂದು, ಬಾಗಿಲಲ್ಲೇ ನಿಂತು ಕೇಳಿ, ತಮ್ಮ ಸಿತಾರವನ್ನು ಮಾರಿ ಹೋಗಿದ್ದಾರೆ.

(ಮೇಲಿನ ನಾಲ್ಕು ಅಂಶಗಳನ್ನು ಬುಧವಾರ ಬರೆದದ್ದು. ಇಲ್ಲಿಂದ ಮುಂದಿನವು ಶನಿವಾರದವು. ನಡುವೆ ಗುರುವಾರ ಬಂದು ಹೋಗಿದೆ. ಹರಿದು ಹೊಸದಾಗಿ ಬರೆಯಬಹುದಿತ್ತು. ಆದರೆ ಘನತೆ ಇರಲೆಂದು ಛಾಪಾ ಕಾಗದ ತಂದಿದ್ದೆ. ಹರಿಯಲು ಕಾಂಚನ ಬಿಡಲಿಲ್ಲ. “ಬರದದ್ದ ಹಂಗಽ ಇರ್ಲಿ. ಅದರ ಕೆಳಗ ಖರೇದು ಬರೀರಿ,” ಎಂದು ಎದುರಿಗೇ ಕೂತಿದ್ದಾಳೆ. ಕತ್ತರಿ ಕೈಯಲ್ಲಿದೆ.)

5. ಗುರುವಾರದ ವೃತ್ತಾಂತ. ನಾಲ್ಕನೆಯ ಅಂಶದ ಸಿತಾರದ ಸುದ್ದಿ ತಮ್ಮಿಂದ ತಮ್ಮ ಮನೆಯವರಾದ ಗುರುಶಾಂತವ್ವ ಕಾಕು ಅವರಿಗೆ ಹೋಗಿ, ಅವರು ಮಂಗಳವಾರ ನನಗೆ ಫೋನು ಮಾಡಿದ್ದರು. ಹೊಸ ಅರಿಶಿನದ ಮುಹೂರ್ತದ ಸೌದಾ, ಅಂದರೆ ವರ್ಷದ ಮೊದಲ ವ್ಯಾಪಾರ, ನಡೆಯುವ ದಿನ ಕಾಂಚನ ಹತ್ತು ನಿಮಿಷ ಸಿತಾರ ಬಾರಿಸಬೇಕೆಂದು ಕೇಳಿದರು. ನಾನು ತಡಮಾಡದೆ, “ಅಕೀ ಬೆರಳ ಬಾತೈತ್ರಿ ಕಾಕು,” ಎಂದೆ. ನನ್ನ ಐವತ್ತೊಂದು ವರ್ಷದ ಆಯುಷ್ಯದಲ್ಲಿ ಹೇಳಿದ ಸುಳ್ಳುಗಳಲ್ಲಿ ಇದೊಂದೇ ಅಜಾಗರೂಕತೆಯದು. ಅರಿಶಿನದ ಪೇಢಿಯ ಮನೆಯವರ ಮುಂದೆ ಬಾವು ಎಂಬ ಮಾತನ್ನು ಆಡಬಾರದು. ತಲೆನೋವು ಎಂದಿದ್ದರೆ ಉಳಿದುಕೊಳ್ಳುತ್ತಿದ್ದೆ.

ಪರಿಣಾಮವಾಗಿ, ಗುರುವಾರ ಕಾಕು ಅವರು ಅರಿಶಿನ-ಸುಣ್ಣ ಬಿಸಿ ಮಾಡಿ, ಬಟ್ಟಲು ಹಿಡಿದು, ತಮ್ಮನ್ನೂ ಕರೆದುಕೊಂಡು, ಕಾರಿನಲ್ಲಿ ಪೂಲು ದಾಟಿ ಸಾಂಗ್ಲಿವಾಡಿಯ ನಮ್ಮ ಬಾಗಿಲಿಗೆ ಬಂದರು. ಅಲ್ಲಿ ನಡೆದದ್ದನ್ನು ಕಾಂಚನ ನನಗೆ ಈವರೆಗೆ ನಾಲ್ಕು ಸಲ ಹೇಳಿದ್ದಾಳೆ. ನಾಲ್ಕೂ ಸಲ ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಆಕೆಯ ದೋಷವೇ ಅದು.

“ಬೆರಳ ಹೆಂಗೈತಿ, ತಂಗಿ?”

“ಯಾವ ಬೆರಳ್ರಿ ಕಾಕು?”

“ಸಿತಾರ ಬಾರಸೂ ಬೆರಳಽ.”

“ನಮ್ಮನ್ಯಾಗ ಬಾರಸೂದಂದ್ರ ಕುಕ್ಕರ ಸೀಟಿ ಒಂದಽ ರಿ. ಒಳಗ ಬರ್ರಿ, ಕುಂದ್ರಿ. ಇವರು ಇಲ್ಲ, ಪೇಢಿಗೆ ಹೋಗ್ಯಾರ.”

“ಪೇಢಿಗೆ?”

“ಹೂನ್ರಿ. ದಿನಾ ಹತ್ತಕ್ಕ ಡಬ್ಬಿ ತಗೊಂಡ ಹೋಗ್ತಾರಲ್ರಿ. ಎಲ್ಲಾರನೂ ಮನಿಗೆ ಕಳಿಸಿದ್ರೂ ಅಣ್ಣಾರು ಇವರನ್ನ ಒಬ್ಬರನ್ನ ಬಿಟ್ಟಿಲ್ಲಂತ. ಇವರಿಲ್ಲಾಂದ್ರ ಅಣ್ಣಾರಿಗೆ ಊಟಾ ಸೈತ ಹೋಗೂದಿಲ್ಲಂತ.”

ಕಾಂಚನ ತಮ್ಮನ್ನು ಹಿಂದೆಂದೂ ನೋಡಿದವಳಲ್ಲ. ಆಗ ತಾವು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಆ ಅಣ್ಣಾ ನಾನಽವಾ,” ಎಂದಿರಂತೆ.

ಆ ಹೊತ್ತಿಗೆ ಸರಿಯಾಗಿ ನಾನು ಮಿರಜದಲ್ಲಿ, ಸಿತಾರ ಮಾಡುವ ಬಾಬಾಲಾಲ ಚಾಚಾರ ಅಂಗಡಿಯಲ್ಲಿ, ಸಿತಾರದ ಕೊಡಕ್ಕೆಂದು ಒಣಗಿಸಿಟ್ಟ ಸೋರೆಬುರುಡೆಗಳ ರಾಶಿಗೆ ಬೆನ್ನು ಕೊಟ್ಟು, ಅರಿಶಿನದ ಚೀಲಗಳ ಪಟ್ಟಿ ಬರೆಯುತ್ತಿದ್ದೆ. ತಮ್ಮ ವಿಡಿಯೋ ಕರೆ ಬಂತು. ತಮ್ಮ ಹಿಂದೆ ಹಸಿರು ಬಾಗಿಲೊಂದು ಕಂಡಿತು. ನಮ್ಮ ಮನೆಯದೂ ಹಸಿರೇ. ಜಗತ್ತಿನಲ್ಲಿ ಹಸಿರು ಬಾಗಿಲುಗಳಿಗೆ ಬರವಿಲ್ಲವೆಂದು ನಾನು ಅದನ್ನು ಬಿಟ್ಟೆ.

“ಎಲ್ಲಿದ್ದೀಪಾ, ನಾಗನಾಥ?”

“ಮನ್ಯಾಗ ರಿ ಅಣ್ಣಾ. ಮತ್ತೆಲ್ಲಿರ್ಲಿ?”

“ಕಾಂಚನ?”

“ಒಳಗ ಅದಾಳ್ರಿ. ಸಿತಾರ ಬಾರಸಾಕತ್ತಾಳ.”

“ಬೆರಳ ಬಾತಿತ್ತಲ್ಲೊ?”

“ಎಡಗೈಲೆ ಬಾರಸಾಕತ್ತಾಳ್ರಿ. ಅಕೀ ಹಠಾ ನಿಮಗ ಗೊತ್ತಿಲ್ಲ.” ನಾನು ಚಾಚಾರಿಗೆ ಕಣ್ಸನ್ನೆ ಮಾಡಿದೆ. ಅವರು ಝಣ್ ಅನ್ನಿಸಿದರು.

“ಛಲೋ ಬಾರಸ್ತಾಳ,” ಎಂದಿರಿ. “ಚಹಾನೂ ಛಲೋ ಮಾಡ್ಯಾಳ.” ಹಾಗೆಂದು ಕೈಯಲ್ಲಿದ್ದ ಕಪ್ ಎತ್ತಿ ತೋರಿಸಿದಿರಿ. ನಮ್ಮ ಮದುವೆಗೆ ಆಹೇರಿಯಾಗಿ ಬಂದ, ನಮ್ಮಿಬ್ಬರ ಹೆಸರು ಬರೆಸಿದ ಕಪ್ ಅದು. ಅಂಥವು ಜಗತ್ತಿನಲ್ಲಿ ಆರೇ ಇವೆ. ಆರೂ ನಮ್ಮ ಅಡುಗೆಮನೆಯ ಫಳಿಯ ಮೇಲಿರುತ್ತವೆ.

ಫೋನು ತಿರುಗಿತು. ಕಾಂಚನ ಕಾಣಿಸಿದಳು. ಹೆಗಲ ಮೇಲೆ ಯಾರದೋ ಸೀರೆ, ಕೈಯಲ್ಲಿ ಇದೇ ಕತ್ತರಿ.

“ನಾ ಒಳಗ ಸಿತಾರ ಬಾರಸಾಕತ್ತೀನಿ, ಹೌದಲ್ರಿ? ನೀವು ಪೇಢ್ಯಾಗ ಕುಂತೀರಿ, ಹೌದಲ್ರಿ? ಹಂಗಾರ ಈಗ ನಾವಿಬ್ರೂ ಎಲ್ಲಿದ್ದೀವಿ, ಅದನ್ನಷ್ಟ ಹೇಳ್ರಿ.”

ನನ್ನ ಹಿಂದಿನಿಂದ ಚಾಚಾ, “ಕೋರೆ ಸಾಹೇಬ್ರ, ಬಂದ್ ಮಾಡ್ಲ್ಯಾ, ಇನ್ನಾ ಬಾರಸ್ಲ್ಯಾ?” ಎಂದು ಕೇಳಿದರು.

6. ತಾವು ಅಂಗಡಿಯ ವಿಳಾಸವನ್ನು ಚಾಚಾರಿಂದಲೇ ಕೇಳಿಕೊಂಡಿರಿ. “ಅಲ್ಲೇ ಇರು” ಎಂಬ ತಮ್ಮ ಆದೇಶದ ಮೇರೆಗೆ ನಾನು ಅಲ್ಲೇ ಇದ್ದೆ. ಮುಕ್ಕಾಲು ತಾಸಿನಲ್ಲಿ ತಾವು ಮೂವರೂ ಮಿರಜಕ್ಕೆ ಬಂದಿರಿ. ಕಾಕು ಅವರ ಕೈಯಲ್ಲಿ ಬಟ್ಟಲು ಇನ್ನೂ ಇತ್ತು. ಯಾರಿಗಾದರೂ ಹಚ್ಚದೆ ಅದನ್ನು ವಾಪಸ್ ಒಯ್ಯುವ ಮನಸ್ಸು ಅವರಿಗಿರಲಿಲ್ಲ. ಕೊನೆಗೆ ತಂತಿ ಕೊಯ್ದಿದ್ದ ಚಾಚಾರ ಬೆರಳಿಗೆ ಹಚ್ಚಿದರು. ಅಂದಿನ ಮಾತುಗಳಲ್ಲೆಲ್ಲ ಖರೆಯಾಗಿ ಬಾತಿದ್ದ ಬೆರಳು ಅದೊಂದೇ.

ತಾವು ಅಂಗಡಿಯನ್ನು ಸುತ್ತ ನೋಡಿದಿರಿ. ನನ್ನ ಚೀಲಕ್ಕೊಂದು ಮೊಳೆ, ಕ್ಯಾಲೆಂಡರ್, ನೀರಿನ ಬಾಟಲಿ, ಅತಿ ದೊಡ್ಡ ಸೋರೆಬುರುಡೆಗೆ ಅಂಟಿಸಿದ್ದ ‘ಎನ್. ಡಿ. ಕೋರೆ, ಪ್ರಮುಖ’ ಎಂಬ ಚೀಟಿ. ಚಾಚಾರ ಕನ್ನಡ ಅಥಣಿ, ಜಮಖಂಡಿ ಕಡೆಯ ಗಿರಾಕಿಗಳಿಂದ ಕಲಿತದ್ದು. ಅದರಲ್ಲೇ ಅವರು ಸಾಕ್ಷಿ ನುಡಿದರು. “ಶೇಠ, ಮನಶಾ ಛಲೋ ಅದಾನ. ಹತ್ತಕ್ಕ ಬರ್ತಾನ, ಆರಕ್ಕ ಹೋಗ್ತಾನ. ಫ್ಯಾನ್ ಸಂಬಂಧ ದಿನಾ ಜಗಳಾ. ನಾಲ್ಕಕ್ಕ ಚಹಾ ಬರ್ಲಿಲ್ಲಾಂದ್ರ ನನಗಽ ನೋಟಿಸ್ ಕೊಡ್ತಾನ. ಆದ್ರ ಮಾತ ಭಾಳ. ತಂತಿ ಜೋಡಸೂ ಮುಂದ ನನಗ ಕಿವಿ ಬೇಕ್ರಿ, ಇಂವ ಕಿವೀನಽ ಬಿಡೂದಿಲ್ಲ.”

ಬೈಯುತ್ತೀರಿ ಎಂದುಕೊಂಡೆ. ತಾವು ಬೈಯಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ನನ್ನ ಬಲಗೈ ಮೇಲೆ ಹೊದಿಸಿ, ಒಳಗೆ ತಮ್ಮ ಕೈ ಹಾಕಿದಿರಿ. ತಮ್ಮ ತಂದೆಯವರ ಕಾಲದಲ್ಲಿ ಅರಿಶಿನದ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ; ಬಟ್ಟೆಯ ಕೆಳಗೆ ಬೆರಳು ಹಿಡಿದೇ ಕೇಳಬೇಕು, ಬೆರಳು ಕೊಟ್ಟೇ ಹೇಳಬೇಕು, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ನಾನು ಪೇಢಿಗೆ ಸೇರಿದ ಹೊಸದರಲ್ಲಿ ತಾವೇ ನನಗೆ ಕಲಿಸಿದ ವಿದ್ಯೆ.

“ಏನ ನಡಿಸೀರಿ ಒಳಗ?” ಎಂದಳು ಕಾಂಚನ.

“ಸೌದಾ,” ಎಂದಿರಿ. ಆಮೇಲೆ ನನ್ನ ಕಿವಿಯ ಹತ್ತಿರ, “ಮೂರ ತಿಂಗಳದಾಗ ನೀ ಹೇಳಿದ್ದು ಹತ್ತು ಅಂತ ಹಿಡಿ. ಖರೆ ಎಷ್ಟು?”

ನಾನು ಬಹಳ ವಿಚಾರ ಮಾಡಿ ಒಂದು ಬೆರಳು ಕೊಟ್ಟೆ. ತಾವು ಅದನ್ನು ಹಿಡಿದು, ತುದಿಯಿಂದ ಬುಡದವರೆಗೆ ತಡವಿ ನೋಡಿ, ಮೆಲ್ಲಗೆ ಅರ್ಧಕ್ಕೆ ಮಡಚಿದಿರಿ. ನಾನು ಜಗ್ಗಾಡಲಿಲ್ಲ. ಅರ್ಧಕ್ಕೆ ಸೌದಾ ಮುಗಿಯಿತು.

ಮುಗಿದ ಮೇಲೂ ತಾವು ಕೈ ಬಿಡಲಿಲ್ಲ. “ಫೋನಿನ್ಯಾಗ ಇದು ಆಗೂದಿಲ್ಲ ನೋಡು,” ಎಂದಿರಿ. “ಆ ಅರ್ಧಾ ಯಾವುದು, ಅಷ್ಟ ಬರದ ಕೊಡು.”

7. ಆದ್ದರಿಂದ ಆ ಅರ್ಧ ಯಾವುದೆಂದು ಈ ಮೂಲಕ ಬರೆದುಕೊಡುತ್ತಿದ್ದೇನೆ. ‘ಮನೆಯಿಂದ ಕೆಲಸ’ ಎಂಬುದರಲ್ಲಿ ಕೆಲಸ ಖರೆ. ಮನೆ ಸುಳ್ಳು.

ಏಳು ಜನರದ್ದಲ್ಲ, ಒಬ್ಬನ ಕೆಲಸವನ್ನು ಮಾಡಿದ್ದೇನೆ. ಚೀಲಗಳ ಪಟ್ಟಿಯಲ್ಲಿ ಒಂದು ತಪ್ಪೂ ಇಲ್ಲ, ಸಂಮೇದನನ್ನು ಕೇಳಬಹುದು. ಆದರೆ ಮನೆಯಲ್ಲಿ ನಾನು ಕೂತದ್ದು ಒಂದೇ ದಿನ, ದಸರೆಯ ನಂತರದ ಮೊದಲ ಸೋಮವಾರ. ನಮ್ಮ ಮುಂದಿನ ಕೋಣೆಯಲ್ಲಿ ಕಾಂಚನಳ ಮಶೀನಿದೆ. ಸೀರೆಗಳಿಗೆ ಫಾಲ್ ಹಚ್ಚಿ ಪಿಕೋ ಮಾಡುತ್ತಾಳೆ. ಹನ್ನೆರಡು ವರ್ಷದಿಂದ ಮನೆಯಿಂದಲೇ ಕೆಲಸ. ಯಾರಿಗೂ ಅರ್ಜಿ ಬರೆದಿಲ್ಲ, ಯಾವ ಹುದ್ದೆಯನ್ನೂ ಕೇಳಿಲ್ಲ. ಕಾರಣ, ಮೊದಲ ಪ್ಯಾರಾದಲ್ಲಿ ನಾನು ಕಂಡುಹಿಡಿದೆನೆಂದು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಸದರಿ ಸೋಮವಾರ ನಾನು ಸೀರೆಗಳ ಗಂಟುಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮೂರಕ್ಕೆ ಕೆಲಸ ಮುಗಿಯಿತು. ನಾಲ್ಕಕ್ಕೆ ಬಾಯಿ ತುರಿಸತೊಡಗಿತು. ಪೇಢಿಯಲ್ಲಿ ಅದು ಚಹಾದ ಹೊತ್ತು, ನನ್ನ ಹೊತ್ತು.

ಸೀರೆ ಒಯ್ಯಲು ಇಬ್ಬರು ಹೆಂಗಸರು ಬಂದಿದ್ದರು. ಮಹಾಪೂರದ ಕಥೆ ಆರಂಭಿಸಿದೆ. ನೀರು ಮಾಳಿಗೆಯ ಮಟ್ಟಕ್ಕೆ ಬರುವಷ್ಟರಲ್ಲಿ ಕಾಂಚನ ಮಶೀನಿನಿಂದ ತಲೆಯೆತ್ತದೆ, “ಆವಾಗ ನಾವು ಮಾಲಗಾಂವದಾಗ ನಮ್ಮಕ್ಕನ ಮನ್ಯಾಗ ಇದ್ದಿವಿ. ಇವರು ಒಂಬತ್ತ ದಿನಾ ಒಣದ್ರಾಕ್ಷಿ ತಿಂದು ಮಲಗಿದ್ರು,” ಎಂದಳು. ಹೆಂಗಸರು ನಕ್ಕರು.

ಪೇಢಿಯಲ್ಲೂ ನಗುತ್ತಿದ್ದರು, ಮಾನ್ಯರೇ. ಆದರೆ ಅಲ್ಲಿ ಕಥೆ ಮುಗಿದ ಮೇಲೆ ನಗುತ್ತಿದ್ದರು. ಸಂಮೇದನಿಗೆ ನನ್ನ ಒಂದೊಂದು ಮಾತೂ ಸುಳ್ಳೆಂದು ಗೊತ್ತು. ಗೊತ್ತಿದ್ದೂ ಬಸಿಯಲ್ಲಿ ಚಹಾ ಸುರಿದುಕೊಂಡು “ಮುಂದ?” ಎನ್ನುತ್ತಿದ್ದ. ತಾವೂ ಗಾದಿಯ ಮೇಲೆ ಕೇಳದವರಂತೆ ಕೂತು ಕೇಳುತ್ತಿದ್ದಿರಿ. ಮನೆಯಲ್ಲಿ ಊಟ ಬಿಸಿಯಾಗಿದೆ, ಗಾಳಿ ಇದೆ, ಬಸ್ಸಿನ ನೂಕುನುಗ್ಗಲಿಲ್ಲ. ‘ಮುಂದ?’ ಎನ್ನುವವರಿಲ್ಲ.

ಆ ಸಂಜೆಯೇ ಕಾಂಚನಳಿಗೆ, ಅಣ್ಣಾರ ಫೋನು ಬಂದಿತ್ತು, ನಾನಿಲ್ಲದೆ ಪೇಢಿ ನಡೆಯುವುದಿಲ್ಲವಂತೆ, ನಾಳೆಯಿಂದ ನನಗೊಬ್ಬನಿಗೆ ಕಚೇರಿ ಎಂದೆ. ಮರುದಿನದಿಂದ ಡಬ್ಬಿಯಲ್ಲಿ ಒಂದು ಚಪಾತಿ ಹೆಚ್ಚಿಗೆ ಬರತೊಡಗಿತು. ಅದನ್ನು ತಿನ್ನುವುದು ಕಠಿಣವಾಗುತ್ತಿತ್ತು. ದಿನಾ ಚಾಚಾರಿಗೆ ಕೊಟ್ಟಿದ್ದೇನೆ.

ಡಬ್ಬಿ ಹಿಡಿದು ಹೊರಟವನಿಗೆ ಹೋಗಲು ಜಾಗವಿರಲಿಲ್ಲ. ಮಾರ್ಕೆಟ್ ಯಾರ್ಡ್ ಬಂದಾಗ ಯಾರ ಕಣ್ಣಿಗೂ ಬೀಳಬಾರದೆಂದು ಬಸ್ಸಿನ ಸೀಟಿನ ಕೆಳಗೆ ಇಲ್ಲದ ಚಪ್ಪಲಿ ಹುಡುಕಿದೆ. ಬಸ್ಸು ಮಿರಜಕ್ಕೆ ಹೋಗಿ ನಿಂತಿತು. ಬಿಸಿಲೆಂದು ಚಾಚಾರ ಅಂಗಡಿ ಹೊಕ್ಕು ಒಂದು ಸಿತಾರದ ದರ ಕೇಳಿದೆ. ಮೂರು ತಿಂಗಳಾದರೂ ಇನ್ನೂ ಕೇಳುತ್ತಲೇ ಇದ್ದೇನೆಂದು ಅವರು ಹೇಳುತ್ತಾರೆ.

(ಈ ಅಂಶವನ್ನು ಕಾಂಚನ ಓದಿದಳು. ಕತ್ತರಿ ಕೆಳಗಿಟ್ಟಳು. ಆಮೇಲೆ, “ನನಗ ಖರೇದೊಂದ ಹೇಳಿ ನೋಡ್ರಿ, ನಾನೂ ‘ಮುಂದ’ ಅಂತೀನಿ,” ಎಂದಳು. ಸದ್ಯ ಪ್ರಯತ್ನ ನಡೆದಿದೆ. ಅಭ್ಯಾಸ ಸಾಲದು.)

8. ಉಳಿದ ತಿದ್ದುಪಡಿಗಳು: ಮನೆಯಲ್ಲಿ ಕ್ಯಾಬಿನ್ ಇಲ್ಲ. ಓಣಿಯ ನಾಯಿಗಳು ನನ್ನ ಫೋನಿಗೇ ಬೊಗಳುತ್ತವೆ. ಪುಣೆಯ ಉಸ್ತಾದರು ಬಂದಿಲ್ಲ. ಪುಣೆಯಿಂದ ಬಂದದ್ದು ಮಶೀನಿನ ಬೆಲ್ಟು.

9. ಮನೆಯಿಂದ ಕೆಲಸವು ಕಚೇರಿಯನ್ನು ಕಾಯಂ ಆಗಿ ಮುಚ್ಚಿಸುವುದೇ ಎಂಬ ಓಂಕಾರ ಅವರ ಪ್ರಶ್ನೆಗೆ ನನ್ನ ಉತ್ತರ: ‘ಮನೆ’ ಎಂದ ಆ ಇಬ್ಬರೂ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಾರೆ, ಅವರು ಮನೆಯಲ್ಲೇ ಇರಲಿ. ಆದರೆ ನನ್ನಂಥವನಿಗೆ ಒಂದು ಕಚೇರಿ ಮುಚ್ಚಿದರೆ, ಅವನು ಸೋರೆಬುರುಡೆಗಳ ನಡುವೆಯಾದರೂ ಇನ್ನೊಂದನ್ನು ತೆರೆದು ಕೂರುತ್ತಾನೆ. ಅದರ ಬದಲು ಇರುವುದನ್ನೇ ಇಟ್ಟುಕೊಳ್ಳುವುದು ಮೇಲು.

ಕಾರಣ, ಮೇಲ್ಕಂಡ ಎಲ್ಲವನ್ನೂ ಪರಾಂಬರಿಸಿ, ಎರಡನೆಯ ಅಂಶದಲ್ಲಿನ ನನ್ನ ಮತವನ್ನು ರದ್ದುಪಡಿಸಿ, ಅದನ್ನು ಸಂಮೇದನ ಮತದ ಪಕ್ಕಕ್ಕಿಟ್ಟು ಎರಡೆರಡು ಮಾಡಿ, ಮಹಡಿಯ ಕೋಣೆಯ ಕೀಲಿಯನ್ನು ಕೋಚಿಂಗಿನವರಿಗೆ ಕೊಡದೆ ತಾವೇ ಇಟ್ಟುಕೊಂಡು, ಸೋಮವಾರ ಹತ್ತಕ್ಕೆ ತೆಗೆಯಬೇಕಾಗಿ ಪ್ರಾರ್ಥನೆ. ‘ಪ್ರಮುಖ’ ಹುದ್ದೆ ಬೇಡ. ಕಿಟಕಿಯ ಪಕ್ಕದ ಹಳೆಯ ಬೆಂಚು ಸಾಕು. ಮಂಜೂರಾತಿಯನ್ನು ಫೋನಿನಲ್ಲಿ ತಿಳಿಸಬಾರದು. ಟವೆಲಿನ ಕೆಳಗೆ ತಿಳಿಸಿದರೆ ನಂಬುತ್ತೇನೆ.

ತಮ್ಮ ವಿಶ್ವಾಸಿ (ಸದ್ಯಕ್ಕೆ ಅರ್ಧ),
ನಾಗನಾಥ ಧೋಂಡಪ್ಪ ಕೋರೆ

ಲಗತ್ತುಗಳು:
ಅ) ತಾವು ಮಿರಜದಲ್ಲಿ ಮರೆತುಬಂದ ಟವೆಲು, ಒಂದು. ಒಗೆದಿದೆ. ಅರಿಶಿನದ ಕಲೆ ಹೋಗಿಲ್ಲ.
ಆ) ಬಾಬಾಲಾಲ ಚಾಚಾರ ಬಾಯಿಮಾತಿನ ದೃಢೀಕರಣ, ನಾನೇ ಬರೆದುಕೊಂಡದ್ದು: ಅರ್ಜಿದಾರನು ಮೂರು ತಿಂಗಳಲ್ಲಿ ಒಂದು ಸೋರೆಬುರುಡೆಯ ಮೇಲೆ ಮಾತ್ರ ಕೂತು ಒಡೆದಿದ್ದಾನೆ. (ಕಾಂಚನ ಓದಿ ‘ಮೂರು’ ಎಂದು ತಿದ್ದಿದ್ದಾಳೆ. ಆಕೆ ಅವರನ್ನೇ ಕೇಳಿ ಬಂದಿದ್ದಾಳೆ.)
ಇ) ಕಾಂಚನಳ ಕೈಬರಹದ ಒಪ್ಪಿಗೆ: ‘ಹತ್ತರಿಂದ ಆರು ಇಟ್ಟುಕೊಳ್ಳಿರಿ. ಆರಕ್ಕೆ ವಾಪಸ್ ಕಳಿಸಿರಿ.’

ವಿಶೇಷ ಸೂಚನೆ: ಒಂದನೆಯ ಅಂಶದಲ್ಲಿನ ಮೊಸಳೆಯನ್ನು ನಾನು ಪೇಪರಿನ ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಆದಾಗ್ಯೂ ಸದರಿ ಮೊಸಳೆಯನ್ನು ಅರ್ಜಿಯಿಂದ ಹೊಡೆದುಹಾಕದೆ, ಸೋಮವಾರ ನಾಲ್ಕು ಗಂಟೆಯವರೆಗೆ ಗುಟ್ಟಾಗಿಡಬೇಕಾಗಿ ವಿನಂತಿ. ಅದು ಹೊಸದು. ಸಂಮೇದ ಇನ್ನೂ ಕೇಳಿಲ್ಲ.